ಕಲಿಸಿದರೆ ಬಿಟ್ಟು ಹೋಗುತ್ತಾರೆ ಎನ್ನುವವರಿಗೆ

ಕೆಲಸ ಕಲಿಸುವ ಖರ್ಚನ್ನು ಮಾಲೀಕರು ಹೊರಬೇಕು ಎಂಬ ಮಾತು ಬಳ್ಳಾರಿಯಲ್ಲಿ ಎದ್ದಾಗಲೆಲ್ಲ ಅದರ ವಿರುದ್ಧ ಒಂದಷ್ಟು ಉತ್ತರಗಳು ಬರುತ್ತವೆ. ನಗರದ ಜೀನ್ಸ್ ಘಟಕಗಳ ಮಾಲೀಕರಿಂದಲೂ, ಸಿರುಗುಪ್ಪದ ರೈಸ್ ಮಿಲ್ಲಿನವರಿಂದಲೂ, ಕುರುಗೋಡು ಕಡೆಯ ಹಳ್ಳಿಗಳಿಗೆ ಕಾರ್ಖಾನೆ ಬರುತ್ತದೆ ಎಂದು ಭಾಷಣ ಮಾಡುವವರಿಂದಲೂ ಕೇಳಿಬರುವುದು ಬಹುಮಟ್ಟಿಗೆ ಅವೇ ಮಾತುಗಳು. ಯಾರೂ ತಿರುಗಿ ಪ್ರಶ್ನೆ ಕೇಳದ ಕಾರಣ ಅವು ಒಪ್ಪಿತ ಸತ್ಯಗಳಂತೆ ಓಡಾಡುತ್ತಿವೆ. ಒಂದೊಂದನ್ನೇ ಎತ್ತಿ ಪರೀಕ್ಷಿಸೋಣ. ತೀರ್ಪು ಓದುಗರಿಗೆ ಬಿಟ್ಟದ್ದು.

ಅದಕ್ಕೆ ಮೊದಲು ನನ್ನ ನಿಲುವನ್ನು ಮುಚ್ಚುಮರೆಯಿಲ್ಲದೆ ಇಟ್ಟುಬಿಡುತ್ತೇನೆ. ಯಾವ ಮಾಲೀಕನೂ ಪುಣ್ಯಕ್ಕಾಗಿ ಕಲಿಸುವುದಿಲ್ಲ, ಕಲಿಸಬೇಕೆಂದು ನಾನು ಬಯಸುವುದೂ ಇಲ್ಲ. ಕೆಲಸ ಕೆಟ್ಟರೆ ನಷ್ಟ ಯಾರ ಮೈಮೇಲೆ ಬೀಳುತ್ತದೋ ಅವರು ಕಲಿಕೆಗೆ ದುಡ್ಡು ಹಾಕುತ್ತಾರೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಸಂಡೂರಿನ ಗಣಿಗಳಲ್ಲಿ ಕೆಲಸಕ್ಕೆ ಸೇರುವವರಿಗೆ ತರಬೇತಿ ಕೊಡಲೇಬೇಕು, ಏಕೆಂದರೆ 1966ರ ಗಣಿ ವೃತ್ತಿ ತರಬೇತಿ ನಿಯಮಗಳು ಹಾಗೆ ಹೇಳುತ್ತವೆ, ತಪ್ಪಿದರೆ ಗಣಿಯವನೇ ಉತ್ತರ ಕೊಡಬೇಕು. ತೋರಣಗಲ್ಲಿನಲ್ಲಿ ವರ್ಷಕ್ಕೆ ಕೋಟಿ ಟನ್‌ಗೂ ಮೀರಿ ಉಕ್ಕು ತಯಾರಾಗುತ್ತದೆ. ಅಲ್ಲಿ ಒಬ್ಬನಿಗೆ ಕೆಲಸ ತಿಳಿಯದೆ ಕುಲುಮೆ ಒಂದು ದಿನ ನಿಂತರೂ ಕಂಪನಿಗೆ ಆಗುವ ನಷ್ಟ ಊಹೆಗೆ ಮೀರಿದ್ದು. ಉಕ್ಕಿನ ಕಾರ್ಖಾನೆಗಳು ಕಲಿಸುವುದರಲ್ಲಿ ಕೈ ಬಿಗಿಹಿಡಿಯದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಈಗ ಕೌಲ್ ಬಜಾರಿನ ಓಣಿಯೊಂದರಲ್ಲಿ ಪೀಸ್ ಲೆಕ್ಕದಲ್ಲಿ ಪ್ಯಾಂಟು ಹೊಲಿಯುವ ಹೆಣ್ಣುಮಗಳನ್ನು ನೋಡಿ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯುವವಳು ಅವಳೇ. ಆ ಒಂದು ತಾಸಿಗೆ ಕೂಲಿ ಇಲ್ಲ, ದಾರವೂ ಕರೆಂಟೂ ಅವಳ ಮನೆಯದೇ. ತಿಳಿಯದಿರುವುದರ ಪೂರ್ತಿ ದಂಡವನ್ನು ಅವಳೇ ಕಟ್ಟುತ್ತಿರುವಾಗ ಕಲಿಸಬೇಕು ಎಂಬ ಒತ್ತಡ ಮಾಲೀಕನಿಗೆ ಎಲ್ಲಿಂದ ಬರಬೇಕು? ಕೆಳಗೆ ಬರುವ ಎಲ್ಲ ವಾದಗಳೂ ಈ ಒಂದು ಪ್ರಶ್ನೆಯಿಂದ ನುಣುಚಿಕೊಳ್ಳುವ ದಾರಿಗಳು.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ವಾದ: ಕಲಿಸಿದರೆ ಬಿಟ್ಟು ಹೋಗುತ್ತಾರೆ. ಆರು ತಿಂಗಳು ಮಿಷನ್ ಮೇಲೆ ಕೂರಿಸಿ, ಬಟ್ಟೆ ಹಾಳು ಮಾಡಿಸಿಕೊಂಡು ತಯಾರು ಮಾಡಿದ ಹುಡುಗನನ್ನು ಪಕ್ಕದ ಘಟಕದವನು ಪೀಸಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟು ಎಳೆದುಕೊಂಡರೆ ನಮ್ಮ ಖರ್ಚು ಅವನ ಲಾಭವಾಗುತ್ತದೆ ಎಂಬುದು ಅದರ ಸಾರ. ಇದು ದಡ್ಡ ವಾದವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಶಾಸ್ತ್ರದ ರೂಪವನ್ನೇ ಕೊಟ್ಟರು: ಎಲ್ಲ ಕಡೆಯೂ ನಡೆಯುವ ಕೌಶಲವನ್ನು ಮಾಲೀಕ ತನ್ನ ಖರ್ಚಿನಲ್ಲಿ ಕಲಿಸುವುದಿಲ್ಲ, ಕೆಲಸಗಾರನೇ ಕಡಿಮೆ ಕೂಲಿಯ ರೂಪದಲ್ಲಿ ಅದರ ಬೆಲೆ ತೆರುತ್ತಾನೆ. ಆದರೆ ಆ ಲೆಕ್ಕ ನಿಂತಿರುವುದು ಒಂದು ಷರತ್ತಿನ ಮೇಲೆ. ಕಲಿತವನ ಕೂಲಿ ಅವನ ಕೈಚಳಕ ಏರಿದಷ್ಟೇ ಏರಬೇಕು, ಅವನು ಬಯಸಿದ ದಿನ ಬಯಸಿದ ಕಡೆ ಹೋಗಲು ಸಾಧ್ಯವಿರಬೇಕು. ಬಳ್ಳಾರಿಯಲ್ಲಿ ಹಾಗಿದೆಯೇ?

ಮಾಲೀಕರ ಮಾತನ್ನೇ ಸಾಕ್ಷಿಗೆ ಕರೆಯೋಣ. ಕೂಲಿ ಹೆಚ್ಚಿಸಿ ಎಂದು ಕೇಳಿದಾಗ ಅವರು ಕೊಡುವ ಉತ್ತರ ಎಲ್ಲರಿಗೂ ಗೊತ್ತು: ಕೊಡುವುದು ಇಷ್ಟೇ, ಬೇಡವೆಂದರೆ ಬಿಟ್ಟು ಹೋಗಲಿ, ನಾಳೆ ಬೆಳಿಗ್ಗೆ ಹತ್ತು ಜನ ಬರುತ್ತಾರೆ. ಕೂಲಿಯ ಮಾತು ಬಂದಾಗ ಕೆಲಸಗಾರನಿಗೆ ಹೋಗಲು ಬೇರೆ ಜಾಗವಿಲ್ಲ, ತರಬೇತಿಯ ಮಾತು ಬಂದಾಗ ಅವನು ನಿಂತಲ್ಲಿ ನಿಲ್ಲುವುದಿಲ್ಲ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಮೊದಲನೆಯದು ನಿಜವಾದರೆ ಬಿಟ್ಟು ಹೋಗುವ ಭಯ ಸುಳ್ಳು. ಎರಡನೆಯದು ನಿಜವಾದರೆ, ಅವನನ್ನು ಉಳಿಸಿಕೊಳ್ಳುವ ದಾರಿ ಮಾಲೀಕನ ಕೈಯಲ್ಲೇ ಇದೆ, ಅದರ ಹೆಸರು ಪಗಾರ. ಪಕ್ಕದವನು ಎರಡು ರೂಪಾಯಿ ಹೆಚ್ಚು ಕೊಡಬಲ್ಲ ಎಂದರೆ ಆ ಕೈಗೆ ಮಾರುಕಟ್ಟೆಯಲ್ಲಿ ಅಷ್ಟು ಬೆಲೆ ಇದೆ ಎಂದೇ ಅರ್ಥ. ಆ ಬೆಲೆ ಕೊಡದೆ ಆ ಕೈ ಮಾತ್ರ ನನ್ನಲ್ಲೇ ಇರಬೇಕು ಎನ್ನುವುದು ಯಾವ ವ್ಯಾಪಾರದ ನ್ಯಾಯ?

ಬೆಕರ್ ಲೆಕ್ಕ ತಪ್ಪುವ ಜಾಗವನ್ನು ಅರ್ಥಶಾಸ್ತ್ರಜ್ಞರಾದ ಡರೋನ್ ಅಸಮೊಗ್ಲು ಮತ್ತು ಯಾರ್ನ್-ಸ್ಟೆಫೆನ್ ಪಿಷ್ಕೆ 1998ರಲ್ಲಿ ಜರ್ಮನಿಯ ಅಪ್ರೆಂಟಿಸ್‌ಗಳ ಮಾಹಿತಿ ಇಟ್ಟುಕೊಂಡು ತೋರಿಸಿದರು. ಈ ಇಬ್ಬರು ಕಂಡುಕೊಂಡದ್ದು ಸರಳ: ಕೆಲಸ ಬದಲಿಸುವುದು ಕಷ್ಟವಿರುವ ಕಡೆ, ಕೂಲಿ ಕೌಶಲದಷ್ಟು ಏರದಿರುವ ಕಡೆ, ಎಲ್ಲೆಡೆ ಸಲ್ಲುವ ಕೌಶಲವನ್ನು ಕಲಿಸಿದರೂ ಮಾಲೀಕನಿಗೇ ಲಾಭ ಉಳಿಯುತ್ತದೆ. ಜರ್ಮನಿ ದೂರವಾಯಿತು ಎನ್ನುವವರಿಗೆ ಬೆಂಗಳೂರು ಇದೆ. ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಐದು ಗಾರ್ಮೆಂಟ್ಸ್ ಘಟಕಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಪ್ರಯೋಗ ನಡೆಸಿದರು. ಆಸಕ್ತಿ ತೋರಿಸಿದ ಹೆಣ್ಣುಮಕ್ಕಳಲ್ಲಿ ಲಾಟರಿ ಎತ್ತಿ ಕೆಲವರಿಗೆ ತರಬೇತಿ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಕಲಿಸಿದ್ದು ಹೊಲಿಗೆಯನ್ನೂ ಅಲ್ಲ: ಮೇಲ್ವಿಚಾರಕರ ಜೊತೆ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಂದಾಗ ಬಿಡಿಸಿಕೊಳ್ಳುವುದು, ಹಣಕಾಸಿನ ಲೆಕ್ಕ ಇಂಥವು, ವಾರಕ್ಕೆ ಎರಡು ತಾಸು. ಕಲಿತವರ ಉತ್ಪಾದಕತೆ ಕಲಿಯದವರಿಗಿಂತ ಶೇ 13.5ರಷ್ಟು ಹೆಚ್ಚಿತು. ತರಬೇತಿ ಮುಗಿದು ಒಂದು ವರ್ಷ ಆಗುವ ಮೊದಲೇ ಕಂಪನಿ ಹಾಕಿದ ಹಣದ ಮೇಲೆ ಬಂದ ನಿವ್ವಳ ಲಾಭ ಸುಮಾರು ಶೇ 250. ಗಾರ್ಮೆಂಟ್ಸ್‌ನಲ್ಲಿ ಕೆಲಸ ಬಿಡುವವರು ಯಾವಾಗಲೂ ಬಹಳ. ಹಾಗಿದ್ದೂ ಈ ಲಾಭ. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು: ಕಲಿತವರ ಕೂಲಿ ಏರಿದ್ದು ಸುಮಾರು ಅರ್ಧ ಶೇಕಡಾ ಮಾತ್ರ. ಅದಕ್ಕೆ ಮತ್ತೆ ಬರುತ್ತೇನೆ.

ಕಲಿತವನು ಬಿಟ್ಟು ಹೋದರೂ ಊರು ಬಿಟ್ಟು ಹೋಗುವುದು ಕಡಿಮೆ ಎಂಬುದನ್ನೂ ಈ ವಾದ ಮರೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಕೆಳಮಟ್ಟದ ಕಾಲುವೆಯನ್ನೇ ನೆಚ್ಚಿದ ಸಿರುಗುಪ್ಪದ ಭತ್ತದ ರೈತರು ಆ ವಾರ ಹೇಗೆ ಕಳೆದರೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಅದರ ಭಾಗಗಳನ್ನು ತಯಾರಿಸಿದ್ದು ತೋರಣಗಲ್ಲಿನ ಜಿಂದಾಲ್ ಮತ್ತು ಹೊಸಪೇಟೆ ಸುತ್ತಲಿನ ಎಂಜಿನಿಯರಿಂಗ್ ವರ್ಕ್‌ಶಾಪ್‌ಗಳು. ಇಂಥ ಗೇಟುಗಳನ್ನು ತಯಾರಿಸುತ್ತಿದ್ದ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸಂಪುಟ 2015ರಲ್ಲೇ ತೀರ್ಮಾನಿಸಿತ್ತು. ಆ ಕಾರ್ಖಾನೆ ಹೋದರೂ, ಅಷ್ಟು ಅವಸರದಲ್ಲಿ ಅಷ್ಟು ಭಾರದ ಉಕ್ಕನ್ನು ಕೊರೆದು, ಬೆಸೆದು ಕೊಡಬಲ್ಲ ಕೈಗಳು ಈ ಪ್ರದೇಶದಲ್ಲಿ ಇದ್ದದ್ದರಿಂದ ಉಳಿದದ್ದು ಎಲ್ಲರ ಬೆಳೆ. ಆ ವೆಲ್ಡರ್‌ಗಳಿಗೆ ಯಾವ ಯಾವ ಕಾಲದಲ್ಲಿ ಯಾವ ಯಾವ ಮಾಲೀಕರು ಕಲಿಸಿದ್ದರೋ, ಅವರಲ್ಲಿ ಎಷ್ಟು ಜನ ಕಲಿಸಿದವನನ್ನು ಬಿಟ್ಟು ಬಂದವರೋ! ಬಿಟ್ಟು ಹೋಗುತ್ತಾರೆಂದು ಎಲ್ಲರೂ ಕೈಕಟ್ಟಿ ಕೂತಿದ್ದರೆ ಆ ವಾರ ಯಾರನ್ನು ಕರೆಯುತ್ತಿದ್ದೆವು?

ಎರಡನೆಯ ವಾದ ಹೆಮ್ಮೆಯ ವೇಷ ತೊಟ್ಟು ಬರುತ್ತದೆ. ಬಳ್ಳಾರಿಯವರಿಗೆ ಹೊಲಿಗೆ ರಕ್ತದಲ್ಲೇ ಇದೆ, ಇಲ್ಲಿ ಯಾರಿಗೂ ಯಾರೂ ಕಲಿಸಬೇಕಿಲ್ಲ, ನೋಡಿ ನೋಡಿಯೇ ಕಲಿಯುತ್ತಾರೆ. ಊರಿನ ಹೊಲಿಗೆಯ ಇತಿಹಾಸ ಬಲ್ಲವರು ಈ ಮಾತನ್ನು ಆಡಲಾರರು. ಬ್ರಿಟಿಷರ ದಂಡು ಇಲ್ಲಿದ್ದಾಗ ಸಿಪಾಯಿಗಳ ಸಮವಸ್ತ್ರ ಹೊಲಿಯಲು ದರ್ಜಿಗಳು ಬಂದು ನೆಲೆಸಿದರು. ದಂಡು ಹೋದ ಮೇಲೆ ಅವರ ಮಕ್ಕಳು ರೆಡಿಮೇಡ್ ಬಟ್ಟೆಗೆ ಇಳಿದರು, 1980–90ರ ದಶಕಗಳಲ್ಲಿ ಜೀನ್ಸ್ ಹಿಡಿದರು. ಪ್ರತಿ ಹಂತದಲ್ಲೂ ಯಾರೋ ಯಾರಿಗೋ ಕಲಿಸಿದ್ದಾರೆ. ಉಸ್ತಾದನ ಅಂಗಡಿಯಲ್ಲಿ ಹುಡುಗ ವರ್ಷಗಟ್ಟಲೆ ದಾರ ಕತ್ತರಿಸಿದ್ದಾನೆ, ಗುಂಡಿ ಹಾಕಿದ್ದಾನೆ, ಚಹಾ ತಂದುಕೊಟ್ಟಿದ್ದಾನೆ, ಆಮೇಲೆ ಮಿಷನ್ ಮುಟ್ಟಿದ್ದಾನೆ. ಆ ವರ್ಷಗಳ ಕೂಲಿ ಇಲ್ಲದ ದುಡಿಮೆ ತರಬೇತಿಯ ಶುಲ್ಕವೇ. ಕಟ್ಟಿದ್ದು ಆ ಹುಡುಗನ ಅಪ್ಪ ಅಮ್ಮ, ಒಬ್ಬನ ದುಡಿಮೆ ಕಡಿಮೆಯಾದ ಮನೆಯಲ್ಲಿ ಹೇಗೋ ದಿನ ದೂಡಿದವರು. ಯಾರಿಗೂ ಖರ್ಚಾಗಿಲ್ಲ ಎಂದು ಮಾಲೀಕನಿಗೆ ಅನ್ನಿಸುವುದು ಖರ್ಚು ಅವನ ವಹಿಯಲ್ಲಿ ಇಲ್ಲದ್ದರಿಂದ.

ನೋಡಿ ಕಲಿಯುವುದಕ್ಕೆ ಮಿತಿಯೂ ಇದೆ. ನೆರೆಮನೆಯವಳನ್ನು ನೋಡಿ ಸೈಡು ಹೊಲಿಗೆ ಹಾಕುವುದನ್ನು ಕಲಿಯಬಹುದು. ವಾಷಿಂಗ್ ಘಟಕದಲ್ಲಿ ಬ್ಲೀಚನ್ನೂ ಪೊಟ್ಯಾಸಿಯಂ ಪರ್ಮಾಂಗನೇಟನ್ನೂ ಎಷ್ಟು ಬೆರೆಸಬೇಕು, ಬೆರೆಸುವಾಗ ಮೂಗು ಕಣ್ಣು ಹೇಗೆ ಕಾಪಾಡಿಕೊಳ್ಳಬೇಕು, ಉಳಿದ ನೀರನ್ನು ಏನು ಮಾಡಬೇಕು ಎಂಬುದನ್ನು ಪಕ್ಕದವನನ್ನು ನೋಡಿ ಕಲಿತರೆ ಪಕ್ಕದವನ ತಪ್ಪನ್ನೇ ಕಲಿಯುತ್ತಾರೆ. ವಾಷಿಂಗ್ ಘಟಕಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಬೀಗ ಹಾಕಿಸಿದಾಗ ಇಡೀ ಉದ್ಯಮ ಕಂಗಾಲಾಯಿತು. ಸಾಮೂಹಿಕ ಶುದ್ಧೀಕರಣ ಘಟಕ ಇಲ್ಲದಿರುವುದು ದೊಡ್ಡ ಕಾರಣ, ಒಪ್ಪುತ್ತೇನೆ. ಆದರೆ ರಾಸಾಯನಿಕ ಅಳೆಯಲು ಬಾರದವನ ಕೈಗೆ ಡ್ರಮ್ಮು ಕೊಟ್ಟವರು ಯಾರು? ಅಂದು ಮಾತ್ರ ಗೊತ್ತಿಲ್ಲದಿರುವುದರ ಬಿಲ್ಲು ಮಾಲೀಕನ ವಿಳಾಸಕ್ಕೆ ಬಂತು, ಮತ್ತು ಅಂದೇ ತಿಳಿವಳಿಕೆಯ ಬೆಲೆ ಎಲ್ಲರಿಗೂ ಹೊಳೆಯಿತು.

ಸಿರುಗುಪ್ಪದ ಕಡೆಯಿಂದ ಬರುವ ಮಾತು ಇನ್ನೂ ಚಿಕ್ಕದು: ಮಿಲ್ಲಿನ ಕೆಲಸದಲ್ಲಿ ಕಲಿಯುವುದಕ್ಕೆ ಏನಿದೆ? ಭತ್ತ ಹಾಕಿದರೆ ಅಕ್ಕಿ ಬರುತ್ತದೆ. ಇದನ್ನು ಹೇಳುವ ಮಿಲ್ಲಿನವರೇ ತಮ್ಮ ಮಿಲ್ಲನ್ನು ಹೇಗೆ ನಡೆಸುತ್ತಾರೆ ನೋಡಿ. ಕುಸುಬಲಕ್ಕಿ ಮಾಡುವವರಿಗೆ ಬಾಯ್ಲರ್ ಬೇಕು, ಬಾಯ್ಲರ್ ನೋಡಿಕೊಳ್ಳುವವನಿಗೆ ಅರ್ಹತಾ ಪತ್ರ ಬೇಕು. 1923ರ ಬಾಯ್ಲರ್ ಕಾಯ್ದೆಯ ಕಾಲದಿಂದ ನಡೆದು ಬಂದ ವ್ಯವಸ್ಥೆ ಇದು. ಪ್ರಮಾಣಪತ್ರ ಇಲ್ಲದವನನ್ನು ಅಲ್ಲಿ ನಿಲ್ಲಿಸುವ ಧೈರ್ಯ ವಿವೇಕವಿರುವ ಮಿಲ್ಲಿನವನಿಗೆ ಬರುವುದಿಲ್ಲ, ಸಿಡಿದರೆ ಹೋಗುವುದು ಮಿಲ್ಲೇ. ಸರ್ಕಾರದ ಭತ್ತ ಗಿರಣಿ ಮಾಡಿಕೊಡುವವರು ಕ್ವಿಂಟಾಲ್ ಭತ್ತಕ್ಕೆ 67 ಕೆಜಿ ಬೆಳ್ತಿಗೆ ಅಕ್ಕಿ ಇಲ್ಲವೇ 68 ಕೆಜಿ ಕುಸುಬಲಕ್ಕಿ ಒಪ್ಪಿಸಬೇಕು. ನುಚ್ಚು ಮಿತಿ ಮೀರಿದರೆ ಲೋಡು ವಾಪಸ್ಸು. ಆದ್ದರಿಂದ ಭತ್ತದ ತೇವ ನೋಡುವವನಿಗೆ, ರಬ್ಬರ್ ರೋಲಿನ ಅಂತರ ಹೊಂದಿಸುವವನಿಗೆ, ಬಣ್ಣಗೆಟ್ಟ ಕಾಳು ಆಯುವ ಸಾರ್ಟೆಕ್ಸ್ ಮಿಷನ್ ಮುಂದೆ ಕೂರುವವನಿಗೆ ಕಲಿಸಲೇಬೇಕಾಗುತ್ತದೆ, ಕಲಿಸುತ್ತಾರೆ ಕೂಡ. ಕಲಿಯುವುದಕ್ಕೆ ಏನಿದೆ ಎಂಬ ಮಾತು ಹಾಗಾದರೆ ಯಾರ ಬಗ್ಗೆ? ಹಮಾಲಿಯ ಬಗ್ಗೆ. ಚೀಲ ಎತ್ತುವ ಕ್ರಮ, ನೆಟ್ಟು ಹಾಕುವ ಎತ್ತರ, ಧೂಳಿನಿಂದ ಪುಪ್ಪುಸ ಕಾಪಾಡಿಕೊಳ್ಳುವ ಬಗೆ, ಎಲಿವೇಟರ್ ಬೆಲ್ಟಿನ ಹತ್ತಿರ ಎಲ್ಲಿ ನಿಲ್ಲಬಾರದು ಎಂಬುದು, ಇವೆಲ್ಲ ಕಲಿಯಬೇಕಾದ ಸಂಗತಿಗಳೇ. ಆದರೆ ಸೊಂಟ ಹೋದರೆ ಹಮಾಲಿಯ ಸೊಂಟ, ದಮ್ಮು ಹಿಡಿದರೆ ಹಮಾಲಿಯ ದಮ್ಮು. ಒಂದೇ ಸೂರಿನ ಕೆಳಗೆ ಒಬ್ಬನಿಗೆ ಕಲಿಸುವ, ಇನ್ನೊಬ್ಬನಿಗೆ ಕಲಿಸದ ಈ ಭೇದವನ್ನು ಕೆಲಸದ ಸ್ವಭಾವ ವಿವರಿಸಲಾರದು. ನಷ್ಟ ಯಾರದು ಎಂಬುದು ವಿವರಿಸುತ್ತದೆ. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿಸಿದ 111ಎ ಕಲಮು, ಆರೋಗ್ಯ ಮತ್ತು ಸುರಕ್ಷತೆಯ ತರಬೇತಿ ಪಡೆಯುವುದು ಕಾರ್ಮಿಕನ ಹಕ್ಕು ಎಂದೇ ಬರೆಯಿತು. ಆ ಕಲಮಿನ ಹೆಸರನ್ನು ಯಾವ ಹಮಾಲಿಗೆ ಯಾರು ಓದಿ ಹೇಳಿದ್ದಾರೆ?

ನಾವು ಸಣ್ಣವರು, ನಮ್ಮಿಂದ ಆಗುವುದಿಲ್ಲ ಎಂಬುದು ಮುಂದಿನ ವಾದ. ಎದುರಾಳಿಗಳ ಬತ್ತಳಿಕೆಯಲ್ಲಿರುವ ಒಳ್ಳೆಯ ಬಾಣ ಇದೊಂದೇ. ಎಂಟು ಮಿಷನ್ ಇಟ್ಟುಕೊಂಡು, ಸಾಲದಲ್ಲಿ ಬಟ್ಟೆ ತಂದು, ವ್ಯಾಪಾರಿ ದುಡ್ಡು ಕೊಡುವವರೆಗೆ ವಾರದ ಬಟವಾಡೆಗೂ ಪರದಾಡುವವನಿಗೆ ತರಬೇತಿ ವಿಭಾಗ ತೆರೆ ಎಂದರೆ ಅದು ಅನ್ಯಾಯ. ಆದರೆ ಹಾಗೆ ಕೇಳಿದವರು ಯಾರು? ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. 2019ರ ತಿದ್ದುಪಡಿ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಕಡೆ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಜನ ಇರುವವರಿಗೆ ಐಚ್ಛಿಕ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಹಲವು ಮಾಲೀಕರು ಒಟ್ಟುಗೂಡಿ ಅಪ್ರೆಂಟಿಸ್‌ಗಳನ್ನು ಒಂದು ಘಟಕದಿಂದ ಇನ್ನೊಂದಕ್ಕೆ ಕಳಿಸುತ್ತ ಕಲಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಒಬ್ಬರಲ್ಲಿ ಕಟಿಂಗ್, ಇನ್ನೊಬ್ಬರಲ್ಲಿ ಹೊಲಿಗೆ, ಮತ್ತೊಬ್ಬರಲ್ಲಿ ಕಾಜಾ ಬಟನ್, ಮಗದೊಬ್ಬರಲ್ಲಿ ವಾಷಿಂಗ್ ಎಂದು ಹಂಚಿಹೋಗಿರುವ ಬಳ್ಳಾರಿಯ ಉದ್ಯಮಕ್ಕೆ ಹೇಳಿ ಮಾಡಿಸಿದ ಕಲಮು ಅದು.

ಒಬ್ಬರಿಗೆ ಆಗದ್ದು ಕೂಡಿದರೆ ಆಗುತ್ತದೆ ಎಂಬುದು ಈ ಮಾಲೀಕರಿಗೆ ಚೆನ್ನಾಗಿ ಗೊತ್ತು. ವಿದ್ಯುತ್ ದರ ಏರಿದಾಗ ಕೂಡುತ್ತಾರೆ, ಮಂಡಳಿಯ ನೋಟಿಸ್ ಬಂದಾಗ ಕೂಡುತ್ತಾರೆ, ಜವಳಿ ಪಾರ್ಕಿಗೆ ಜಾಗ ಕೇಳಲು ಒಟ್ಟಾಗಿ ಬೆಂಗಳೂರಿಗೆ ಹೋಗುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ, ಉದ್ಯಮ ಉಳಿಯಲು ಅದು ಬೇಕು. ಹಾಗೆ ಕೂಡುವ ಅವರ ಸಂಘವೇ ಘಟಕಕ್ಕೆ ಇಷ್ಟು ಎಂದು ಚಂದಾ ಹಾಕಿ ಮುಂಡ್ರಗಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡಿನಲ್ಲಿ ಹತ್ತು ಮಿಷನ್ ಇಟ್ಟು, ಒಬ್ಬ ಒಳ್ಳೆಯ ಮಾಸ್ಟರನ್ನು ಪಗಾರಕ್ಕೆ ಇಟ್ಟುಕೊಂಡರೆ ಪಕ್ಕದವನು ಎಳೆದುಕೊಳ್ಳುತ್ತಾನೆ ಎಂಬ ಮೊದಲ ವಾದವೂ ಬಿದ್ದುಹೋಗುತ್ತದೆ. ಎಲ್ಲರೂ ಹಾಕಿದ ದುಡ್ಡಿನಲ್ಲಿ ಕಲಿತವನು ಯಾರ ಘಟಕಕ್ಕೆ ಹೋದರೂ ನಷ್ಟವಾಯಿತೆಂದು ಹೇಳುವವರು ಯಾರು? ಗಣಿಬಾಧಿತ ಪ್ರದೇಶಕ್ಕೆಂದು 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ನಿಧಿಯನ್ನು ಬಳಸಬಹುದಾದ ಆದ್ಯತೆಯ ಬಾಬುಗಳಲ್ಲಿ ಕೌಶಲ ಅಭಿವೃದ್ಧಿಯೂ ಇದೆ. ದುಡ್ಡಿಲ್ಲ ಎಂಬ ಮಾತು ರಾಜ್ಯದ ಎಷ್ಟೋ ಜಿಲ್ಲೆಗಳಲ್ಲಿ ನಡೆಯಬಹುದು. ಅದಿರಿನ ಜಿಲ್ಲೆಯಲ್ಲಿ ನಡೆಯುವುದಿಲ್ಲ.

ಅಲ್ಲಿಗೆ ವಾದ ದಿಕ್ಕು ಬದಲಿಸುತ್ತದೆ: ಕಲಿಸುವುದು ಸರ್ಕಾರದ ಕೆಲಸ, ಐಟಿಐ ಇರುವುದು ಏತಕ್ಕೆ? ಐಟಿಐಗಳನ್ನು ಸರ್ಕಾರ ನಡೆಸುತ್ತಿದೆ, ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಐಟಿಐಗಳಿಗೆ ಹೊಸ ಯಂತ್ರಗಳನ್ನೂ ತಂದಿದೆ. ಶಾಲೆ ಬುನಾದಿ ಹಾಕುತ್ತದೆ. ನಿಮ್ಮ ಘಟಕದ ಮಿಷನ್ನು, ನಿಮ್ಮ ಬಟ್ಟೆ, ನಿಮ್ಮ ಗಿರಾಕಿಯ ಅಳತೆ, ಇವನ್ನು ಯಾವ ಸರ್ಕಾರಿ ಮೇಷ್ಟ್ರೂ ಕಲಿಸಲಾರ. ಅದಕ್ಕಿಂತ ಮುಖ್ಯವಾಗಿ, ಈ ವಾದ ಮಾಡುವವರು 2024ರ ಜುಲೈ ತಿಂಗಳನ್ನು ನೆನೆಯಬೇಕು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎನ್ನುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹೌಹಾರಿದರು. ಸ್ಥಳೀಯರಲ್ಲಿ ಕೌಶಲ ಇಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. ಎರಡು ದಿನ ಕಳೆಯುವುದರೊಳಗೆ ಮಸೂದೆ ತಡೆಹಿಡಿಯಲ್ಪಟ್ಟಿತು. ಆದರೆ ಅದೇ ಮಸೂದೆಯಲ್ಲಿ ಆ ಆಕ್ಷೇಪಕ್ಕೆ ಉತ್ತರವೂ ಇತ್ತು: ತಕ್ಕ ಸ್ಥಳೀಯರು ಸಿಗದಿದ್ದರೆ ಸರ್ಕಾರದ ಸಹಯೋಗದಲ್ಲಿ ಮೂರು ವರ್ಷದೊಳಗೆ ತರಬೇತಿ ಕೊಟ್ಟು ತಯಾರು ಮಾಡಬೇಕು. ಮೀಸಲಾತಿಯ ಪ್ರಮಾಣದ ಬಗ್ಗೆ ತಕರಾರು ಇರಬಹುದು, ನನಗೂ ಕೆಲವು ಇವೆ. ಆದರೆ ಕಲಿಸುವ ಈ ಕಲಮನ್ನಾದರೂ ಉಳಿಸಿ ಎಂದು ಉದ್ಯಮದ ಕಡೆಯಿಂದ ಒಂದು ಗಟ್ಟಿ ದನಿ ಏಕೆ ಕೇಳಲಿಲ್ಲ? ಕೌಶಲ ಇಲ್ಲವೆಂದು ಕೆಲಸ ಕೊಡುವುದಿಲ್ಲ, ಕೆಲಸ ಕೊಡದೆ ಕೌಶಲ ಬರುವುದಿಲ್ಲ. ಈ ಸುತ್ತಿನಲ್ಲಿ ಸಿಕ್ಕಿಕೊಂಡಿರುವ ಕುರುಗೋಡಿನ ಹುಡುಗ ಯಾವ ಬಾಗಿಲು ತಟ್ಟಬೇಕು?

ದೊಡ್ಡ ಕಂಪನಿಗಳ ಉತ್ತರ ಬೇರೆ. ನಾವು ಸಿಎಸ್‌ಆರ್ ಹಣದಲ್ಲಿ ತರಬೇತಿ ಕೊಡುತ್ತಿದ್ದೇವೆ, ಸುತ್ತಲಿನ ಹಳ್ಳಿಗಳಲ್ಲಿ ಹೊಲಿಗೆ ಕೇಂದ್ರ ತೆರೆದಿದ್ದೇವೆ, ಪ್ರಮಾಣಪತ್ರ ಹಂಚಿದ್ದೇವೆ. ಒಳ್ಳೆಯದು, ನಡೆಯಲಿ. ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಸ್ವಂತ ಉದ್ಯೋಗಿಗಳಿಗಾಗಿ ಮಾಡಿದ ಖರ್ಚು ಆ ಲೆಕ್ಕಕ್ಕೆ ಸೇರುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಅಂದರೆ ಸಿಎಸ್‌ಆರ್ ತೋರಿಸುವ ಕಂಪನಿ, ತನ್ನ ಗೇಟಿನ ಒಳಗೆ ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗೆ ಏನು ಕಲಿಸುತ್ತಿದ್ದೀರಿ ಎಂಬ ಪ್ರಶ್ನೆಗೆ ಗೇಟಿನ ಹೊರಗಿನ ಲೆಕ್ಕ ಕೊಡುತ್ತಿದೆ. ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು.

ಕಾರ್ಖಾನೆ ಬರಲಿ, ತರಬೇತಿ ತಾನಾಗಿ ಬರುತ್ತದೆ ಎನ್ನುವವರಿಗೆ ಕುರುಗೋಡಿಗೆ ಹತ್ತಿರದ ಕುಡತಿನಿಯನ್ನು ತೋರಿಸುತ್ತೇನೆ. 1,700 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಅಲ್ಲಿದೆ. ಅದರ ಆಚೆಗೆ, 2010ರ ಸುಮಾರಿಗೆ ಆರ್ಸೆಲರ್ ಮಿತ್ತಲ್ ಮುಂತಾದ ಕಂಪನಿಗಳ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಭೂಮಿ ತೆಗೆದುಕೊಂಡರು. ಕಾರ್ಖಾನೆಗಳು ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ರೈತರು ಧರಣಿ ಕೂತರು, ನ್ಯಾಯವಾದ ಬೆಲೆ ಕೊಡಿ, ಇಲ್ಲವೇ ಕಾರ್ಖಾನೆ ಕಟ್ಟಿ ಎಂದರು. ಭೂಮಿ ಹೋದಾಗ ಹತ್ತು ವರ್ಷದವನಾಗಿದ್ದ ಮಗ ಇಂದು ಇಪ್ಪತ್ತೈದು ದಾಟಿದ್ದಾನೆ. ಹೊಲದ ಕೆಲಸ ಕಲಿಯಲು ಹೊಲ ಇಲ್ಲ, ಕಾರ್ಖಾನೆಯ ಕೆಲಸ ಕಲಿಯಲು ಕಾರ್ಖಾನೆ ಇಲ್ಲ. ಭೂಮಿ ನೋಂದಣಿಯಾದ ವರ್ಷವೇ ಆ ಮನೆಗಳ ಮಕ್ಕಳ ತರಬೇತಿಯನ್ನೂ ಆರಂಭಿಸಬೇಕು ಎಂಬ ಷರತ್ತು ಇದ್ದಿದ್ದರೆ, ಕಾರ್ಖಾನೆ ಬಾರದಿದ್ದರೂ ಅವರ ಕೈಯಲ್ಲಿ ಒಂದು ಕಸುಬು ಇರುತ್ತಿತ್ತು. ಕಲಿಕೆ ಕೊನೆಯಲ್ಲಿ ಬರಲಿ ಎಂಬುದರ ಬೆಲೆಯನ್ನು ಅಲ್ಲಿ ಒಂದಿಡೀ ತಲೆಮಾರು ತೆತ್ತಿದೆ. 2023ರ ಚುನಾವಣೆಯ ಹೊತ್ತಿಗೆ ರಾಹುಲ್ ಗಾಂಧಿಯವರು ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕ್ ಘೋಷಿಸಿದರು. ಅಂದಿನಿಂದ ಜಾಗದ ಚರ್ಚೆ ಆಗಿದೆ, ನೀರಿನ ಚರ್ಚೆ ಆಗಿದೆ. ಆ ಪಾರ್ಕಿನ ಮಿಷನ್‌ಗಳ ಮುಂದೆ ಕೂರುವವರನ್ನು ಯಾರು, ಯಾವಾಗಿನಿಂದ, ಯಾರ ಖರ್ಚಿನಲ್ಲಿ ತಯಾರು ಮಾಡುತ್ತಾರೆ ಎಂಬ ಚರ್ಚೆ ಇವುಗಳಷ್ಟು ಜೋರಾಗಿ ಕೇಳಿಸುತ್ತಿಲ್ಲ.

ಇನ್ನೊಂದು ಕಡೆಯವರಿಗೂ ಉತ್ತರ ಹೇಳಬೇಕು. ಕಾರ್ಮಿಕ ಸಂಘಟನೆಗಳ ಗೆಳೆಯರಲ್ಲಿ ಕೆಲವರು ತರಬೇತಿ ಎಂಬುದೇ ಅಗ್ಗದ ಕೂಲಿಯ ಇನ್ನೊಂದು ಹೆಸರು ಎನ್ನುತ್ತಾರೆ. ಅವರ ಅಂಜಿಕೆಗೆ ಆಧಾರವಿದೆ. ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮು ಅಪ್ರೆಂಟಿಸನನ್ನು ಕಾರ್ಮಿಕನೆಂದು ಒಪ್ಪುವುದಿಲ್ಲ, ಆದ್ದರಿಂದ ಹೆಸರಿಗೆ ಕಲಿಯುವವನು, ಕೆಲಸಕ್ಕೆ ಪೂರಾ ಆಳು ಎಂಬ ದುರುಪಯೋಗಕ್ಕೆ ದಾರಿ ಇದೆ. ಶಾಹಿ ಘಟಕಗಳ ಆ ಅರ್ಧ ಶೇಕಡಾ ಕೂಲಿ ಏರಿಕೆ ಅವರ ಪರವಾಗಿಯೇ ಸಾಕ್ಷಿ ನುಡಿಯುತ್ತದೆ: ಕಲಿಕೆಯ ಫಲದ ಬಹುಪಾಲನ್ನು ಕಂಪನಿ ಉಂಡಿತು. ಆದರೆ ಇದರಿಂದ ಹೊರಡುವ ತೀರ್ಮಾನ ಕಲಿಕೆ ಬೇಡ ಎಂದಾಗುವುದು ಹೇಗೆ? ಕಲಿಕೆಯ ಜೊತೆಗೆ ಕೂಲಿಯ ಒಪ್ಪಂದವೂ ಇರಬೇಕು ಎಂದಾಗಬೇಕು. ಹೆಲ್ಪರ್ ಓವರ್‌ಲಾಕ್ ಕಲಿತರೆ ಇಷ್ಟು, ಪೂರ್ತಿ ಪ್ಯಾಂಟು ಹೊಲಿಯಬಲ್ಲವನಾದರೆ ಇಷ್ಟು ಎಂದು ದರ ಬರೆದು ಗೋಡೆಗೆ ಹಚ್ಚಲಿ. ಸಂಘಟನೆಗಳು ಬೇಡಿಕೆ ಪಟ್ಟಿಯಲ್ಲಿ ಬೋನಸ್ಸಿನ ಪಕ್ಕದಲ್ಲೇ ಅದನ್ನೂ ಬರೆಯಲಿ. ಕಲಿಯದೆ ಉಳಿದವನ ಚೌಕಾಸಿ ಶಕ್ತಿ ಹೆಚ್ಚುತ್ತದೆ ಎಂದು ಇದುವರೆಗೆ ಯಾರೂ ಸಾಧಿಸಿ ತೋರಿಸಿಲ್ಲ. ಗಣಿ ಜೋರಾಗಿದ್ದ ವರ್ಷಗಳಲ್ಲಿ ಅದಿರು ಹೊತ್ತು, ಬಂಡೆ ಒಡೆದು ದುಡಿದವರು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಬರಿಗೈಯಲ್ಲಿ ಊರಿಗೆ ಮರಳಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಕೊನೆಯ ವಾದ ನನಗೆ ಅತ್ಯಂತ ಕೋಪ ತರಿಸುವಂಥದು: ಅವರಿಗೇ ಕಲಿಯುವ ಆಸಕ್ತಿ ಇಲ್ಲ, ಉಚಿತವಾಗಿ ಕಲಿಸುತ್ತೇವೆ ಎಂದು ಕರೆದರೂ ಬರುವುದಿಲ್ಲ. ಯಾವುದು ಉಚಿತ? ಪೀಸ್ ಲೆಕ್ಕದವಳು ಒಂದು ದಿನ ತರಬೇತಿಗೆ ಬಂದರೆ ಆ ದಿನದ ಸಂಪಾದನೆ ಪೂರಾ ಹೋಗುತ್ತದೆ. ಹೊಸ ಮಿಷನ್ ಮೇಲೆ ಕೈ ಪಳಗುವವರೆಗೆ ದಿನಕ್ಕೆ ಹೊಲಿಯುವ ಪೀಸುಗಳ ಸಂಖ್ಯೆ ಇಳಿಯುತ್ತದೆ, ವಾರದ ಬಟವಾಡೆಯೂ ಇಳಿಯುತ್ತದೆ, ಸ್ವಸಹಾಯ ಸಂಘದ ಕಂತು ಮಾತ್ರ ಇಳಿಯುವುದಿಲ್ಲ. ಎಲ್ಲ ಕಲಿತ ಮೇಲೂ ಪೀಸಿನ ದರ ಮೊದಲಿನದೇ ಎಂದಾದರೆ ಅವಳು ಬಾರದಿರುವುದು ಅವಳ ಲೆಕ್ಕ ಸರಿಯಾಗಿದೆ ಎಂಬುದರ ಗುರುತು. ಲಾಭವಿಲ್ಲದ ಕಡೆ ಮಾಲೀಕ ಹಣ ಹಾಕದಿದ್ದರೆ ಅದನ್ನು ವ್ಯವಹಾರ ಜ್ಞಾನ ಎನ್ನುತ್ತೇವೆ. ಲಾಭವಿಲ್ಲದ ಕಡೆ ಅವಳು ದಿನ ಕಳೆಯದಿದ್ದರೆ ಅದಕ್ಕೆ ಸೋಮಾರಿತನ ಎಂದು ಹೆಸರಿಡುವುದು ಯಾವ ನ್ಯಾಯ? ಕಲಿಯುವ ದಿನಗಳಿಗೆ, ಹಿಂದಿನ ತಿಂಗಳು ಅವಳು ದಿನಕ್ಕೆ ಸರಾಸರಿ ಎಷ್ಟು ದುಡಿದಿದ್ದಳೋ ಅಷ್ಟು ಕೊಡಿ. ಕಲಿತ ಮೇಲೆ ದರ ಎಷ್ಟು ಏರುತ್ತದೆ ಎಂಬುದನ್ನು ಮೊದಲೇ ಬರೆದುಕೊಡಿ. ಮಗುವನ್ನು ಕರೆತರಲು ಒಂದು ಮೂಲೆ, ಕತ್ತಲಾಗುವ ಮೊದಲು ಮನೆ ಸೇರುವ ಹೊತ್ತು ನಿಗದಿ ಮಾಡಿ. ಇಷ್ಟನ್ನು ಒಂದು ಘಟಕವಾದರೂ ಮಾಡಿ, ಆಮೇಲೂ ಕುರ್ಚಿಗಳು ಖಾಲಿ ಉಳಿದರೆ, ಆಸಕ್ತಿಯ ಮಾತನ್ನು ಆ ಖಾಲಿ ಕುರ್ಚಿಗಳ ಲೆಕ್ಕ ಇಟ್ಟುಕೊಂಡೇ ಆಡೋಣ.